ಲೈಟು ಆರದಿದ್ದರೆ ಬಲ್ಬ್ ಬಿಚ್ಚಬೇಡಿ

ಕಾರಿನ ಒಳಗಿನ ಲೈಟು ಆರುತ್ತಿಲ್ಲ ಅಂತ ಹೋದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕೆಲವು ಗ್ಯಾರೇಜುಗಳಲ್ಲಿ ಬಲ್ಬ್ ಬಿಚ್ಚಿ ಕೈಗೆ ಕೊಡುತ್ತಾರೆ. ಇಲ್ಲಾ ಅಂದರೆ ಫ್ಯೂಸ್ ಕಿತ್ತು ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಾರೆ. ಲೈಟು ಆರುತ್ತದೆ, ನಿಜ. ಅದಕ್ಕೆ ರಿಪೇರಿ ಅಂತ ದುಡ್ಡು ಯಾಕೆ ಕೊಡಬೇಕು ಅನ್ನೋದು ನನ್ನ ತಕರಾರು.

ನವನಗರದ ನಮ್ಮ ಮಾವನ ಕಾರಿನ ಕಥೆ ಕೇಳಿ. ಹಳೇ ಸಣ್ಣ ಕಾರು. ನವಲಗುಂದ ಕಡೆ ಹೊಲಕ್ಕೆ ಹೋಗಿಬರೋದು ಬಿಟ್ಟರೆ ಜಾಸ್ತಿ ಓಡಾಟ ಇಲ್ಲ. ಮಳೆಗಾಲದಲ್ಲಿ ಒಂದು ದಿನ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್. ಬ್ಯಾಟರಿ ಅಂಗಡಿಯವನು ಬಂದು ನೋಡಿದ. "ಬ್ಯಾಟರಿ ಹೋಗೇತ್ರಿ ಕಾಕಾರ, ಹೊಸಾದ ಹಾಕ್ಸಿಬಿಡ್ರಿ" ಅಂದ. ಹಾಕಿಸಿದರು. ಹಳೇದು ಎಕ್ಸ್‌ಚೇಂಜ್‌ನಲ್ಲಿ ಹೋಯಿತು. ಸ್ವಲ್ಪ ದಿನಕ್ಕೆ ಹೊಸದೂ ಮಲಗಿತು! ಬ್ಯಾಟರಿ ಯಾಕೆ ಇಳಿಯಿತು ಅಂತ ಒಬ್ಬರೂ ಕೇಳಿರಲಿಲ್ಲ. ತಲೆ ಮೇಲೆ ಲೈಟು ಮಂಕಾಗಿ ಉರಿಯುತ್ತಲೇ ಇತ್ತು, ಹಗಲಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟು ಸಣ್ಣ ಬಲ್ಬ್ ಏನು ತಿನ್ನುತ್ತದೆ ಅನ್ನಬೇಡಿ. 10 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ ನಲವತ್ತು ತಾಸಿನ ಮೇಲೆ ಬರಬೇಕು. ಆದರೆ ಅದು ಪೂರ್ತಿ ಖಾಲಿಯಾಗುವ ಎಷ್ಟೋ ಮೊದಲೇ ಸೆಲ್ಫ್ ತಿರುಗಿಸುವ ಶಕ್ತಿ ಹೋಗಿರುತ್ತದೆ. ಶನಿವಾರ ನಿಲ್ಲಿಸಿದ ಕಾರು ಸೋಮವಾರ ಏಳೋದಿಲ್ಲ. ಹೀಗೆ ಪದೇ ಪದೇ ಬರಿದಾದರೆ ಒಳ್ಳೇ ಬ್ಯಾಟರಿಯೂ ಬೇಗ ಸಾಯುತ್ತದೆ.

ಮೊದಲು ಚಾವಣಿಯ ಸ್ವಿಚ್ ನೋಡಿ. ಮಕ್ಕಳು ಒತ್ತಿ 'ಆನ್'ಗೆ ಇಟ್ಟಿರುತ್ತಾರೆ. ಅದು 'ಡೋರ್' ಮೇಲಿದ್ದೂ ಉರಿಯುತ್ತಿದ್ದರೆ ಅನುಮಾನ ಬಾಗಿಲುಗಳ ಮೇಲೆ. ಕೆಲಸವೆಲ್ಲ ಫ್ರಿಜ್ಜಿನ ಲೈಟಿನ ಹಾಗೇ. ಹಳೇ ಕಾರುಗಳಲ್ಲಿ ಬಾಗಿಲು ತೆಗೆದರೆ ಚೌಕಟ್ಟಿನ ಕಂಬದಲ್ಲಿ ಬೆರಳ ತುದಿಯಷ್ಟು ಒಂದು ಪಿನ್ ಸ್ವಿಚ್ ಕಾಣುತ್ತದೆ, ಮೇಲೆ ಕರೀ ರಬ್ಬರ್ ಟೋಪಿ. ಬಾಗಿಲು ಹಾಕಿದಾಗ ಪಿನ್ ಒಳಗೆ ಹೋಗಿ ಅರ್ಥ್ (ಕಾರಿನ ಲೋಹದ ಮೈ ಮೂಲಕ ಕರೆಂಟು ವಾಪಸಾಗುವ ದಾರಿ) ಕಡಿಯುತ್ತದೆ, ಲೈಟು ಆರುತ್ತದೆ. ಮಾವನ ಕಾರಿನಲ್ಲಿ ಎಡಗಡೆ ಹಿಂದಿನ ಬಾಗಿಲಿನ ಟೋಪಿ ತುದಿಯಲ್ಲಿ ಸವೆದು ತೂತಾಗಿತ್ತು. ಪಿನ್ ಹೊರಗೆ ಇಣುಕುತ್ತಿತ್ತು, ಸುತ್ತ ಎರೆ ಹೊಲದ ಮಣ್ಣು ಒಣಗಿ ಗಟ್ಟಿಯಾಗಿತ್ತು. ರಬ್ಬರಿನ ದಪ್ಪ ಹೋಗಿದ್ದಕ್ಕೆ ಬಾಗಿಲು ಪಿನ್ನನ್ನು ಪೂರ್ತಿ ಒತ್ತುತ್ತಲೇ ಇರಲಿಲ್ಲ. ಇಷ್ಟೇ ರೋಗ!

ಹುಡುಕೋದೂ ಸುಲಭ. ಎಲ್ಲ ಬಾಗಿಲು ಹಾಕಿ, ಹೊರಗಿನಿಂದ ಒಂದೊಂದನ್ನೇ ಸೊಂಟದಿಂದ ಒತ್ತಿ. ಯಾವುದನ್ನ ಒತ್ತಿದಾಗ ಲೈಟು ಆರುತ್ತದೋ ಅಲ್ಲೇ ಕಳ್ಳ. ಹಾಗೂ ಸಿಗದಿದ್ದರೆ ಒಂದೊಂದೇ ಪಿನ್ ಸ್ವಿಚ್ಚಿನ ಸ್ಕ್ರೂ ಬಿಚ್ಚಿ ಹಿಂದಿನ ವೈರ್ ಕಳಚಿ, ಲೈಟು ಆರುತ್ತದಾ ನೋಡಿ. ವೈರ್ ಬಿಡಬೇಡಿ ಮತ್ತೆ, ಅದು ಕಂಬದೊಳಗೆ ಜಾರಿದರೆ ಇಡೀ ಮಧ್ಯಾಹ್ನ ಹೋಯಿತು. ತುದಿಗೆ ಟೇಪ್ ಸುತ್ತಿ, ಕಾರಿನ ಲೋಹದ ಮೈಗೆ ತಾಗಿದರೆ ಲೈಟು ಮತ್ತೆ ಹತ್ತುತ್ತದೆ. ಹೊಸ ಸ್ವಿಚ್ ಏನೂ ದುಬಾರಿ ಅಲ್ಲ. ಅದು ಸಿಗೋತನಕ ಪಿನ್ ಒತ್ತುವ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೂ ನಡೆಯುತ್ತದೆ.

ಹೊಸ ಕಾರುಗಳಲ್ಲಿ ಈ ಸ್ವಿಚ್ ಬಾಗಿಲಿನ ಲಾಕ್ ಒಳಗೇ ಇರುತ್ತದೆ. ಬಾಗಿಲು ತೆಗೆದೇ ಇಟ್ಟು ಸ್ಕ್ರೂಡ್ರೈವರಿನಿಂದ ಲ್ಯಾಚನ್ನು (ಲಾಕಿನ ಕೊಕ್ಕೆಯನ್ನು) ಎರಡು ಸಲ 'ಕಟ್' ಅನ್ನೋ ಹಾಗೆ ತಿರುಗಿಸಿ, ಲೈಟು ಆರುತ್ತದಾ ನೋಡಿ. ಆಮೇಲೆ ಹ್ಯಾಂಡಲ್ ಎಳೆದು ಲ್ಯಾಚ್ ಬಿಡಿಸಿಯೇ ಬಾಗಿಲು ಹಾಕಿ. ಇಲ್ಲಾಂದರೆ ಲಾಕೇ ಮುರಿದೀತು. ಹೊರಗಿನಿಂದ ಹಾಕಿಸಿದ ಸೆಂಟ್ರಲ್ ಲಾಕ್, ಬಣ್ಣಬಣ್ಣದ ಎಲ್‌ಇಡಿ ಪಟ್ಟಿ ಇದ್ದರೆ ಅವುಗಳ ವೈರ್ ಜೋಡಣೆಯನ್ನೂ ನಂಬಬೇಡಿ.

ಬಲ್ಬ್ ಬಿಚ್ಚಿದರೆ ಏನು ಗಂಟು ಹೋಗುತ್ತದೆ ಅಂತ ಮಾವನೂ ಕೇಳಿದರು. ಎಷ್ಟೋ ಹಳೇ ಕಾರುಗಳಲ್ಲಿ ಬಾಗಿಲು ಸರಿಯಾಗಿ ಬಿದ್ದಿಲ್ಲ ಅಂತ ಹೇಳುವುದೇ ಆ ಲೈಟು. ಮೀಟರಿನಲ್ಲಿ ಬೇರೆ ಸೂಚನೆ ಇರೋದಿಲ್ಲ. ಹಿಂದೆ ಮೊಮ್ಮಗಳು ಬಾಗಿಲಿಗೆ ಒರಗಿ ಕೂತಿರುತ್ತಾಳೆ, ಬೈಪಾಸಿನಲ್ಲಿ ಪಕ್ಕದಲ್ಲೇ ಲಾರಿಗಳು. ಇದನ್ನ ಹೇಳಿದ ಮೇಲೆ ಮಾವ ಸುಮ್ಮನಾದರು. ಫ್ಯೂಸ್ ಕಿತ್ತರಂತೂ ಎಷ್ಟೋ ಕಾರುಗಳಲ್ಲಿ ಗಡಿಯಾರ, ಸ್ಟೀರಿಯೊದ ನೆನಪು ಎಲ್ಲ ಜೊತೆಗೇ ಹೋಗುತ್ತವೆ.

ಇಷ್ಟೆಲ್ಲ ನೋಡಿಯೂ ಬ್ಯಾಟರಿ ಇಳಿಯುತ್ತಿದ್ದರೆ, ಡಿಕ್ಕಿ ಲೈಟು ಇರುವ ಕಾರಾದರೆ, ಫೋನಿನಲ್ಲಿ ವಿಡಿಯೊ ರೆಕಾರ್ಡ್ ಹಚ್ಚಿ ಒಳಗಿಟ್ಟು ಡಿಕ್ಕಿ ಹಾಕಿ. ಹಾಕಿದ ಮೇಲೂ ಬೆಳಕು ಉಳಿಯುತ್ತದಾ ಅಂತ ವಿಡಿಯೊದಲ್ಲೇ ಗೊತ್ತಾಗುತ್ತದೆ. ಹಾಕುವ ಮೊದಲು ಕೀ ಕೈಯಲ್ಲಿದೆಯಾ ನೋಡಿಕೊಳ್ಳಿ ಅಷ್ಟೇ.