ನರಿಮಲೆಯ ಜಗಲಿ

ನಮ್ಮ ಕೊಡಗಿನಲ್ಲಿ ದೂರ ಎಷ್ಟು ಅಂತ ಕೇಳಿದರೆ ಕಿಲೋಮೀಟರ್ ಹೇಳುವವರು ಕಡಿಮೆ. "ಇಲ್ಲೇ" ಅಂತಾರೆ. ಸ್ವಲ್ಪ ಜಾಸ್ತಿ ಇದ್ದರೆ "ಇಲ್ಲೇ ಮುಂದೆ". ನಿಜಕ್ಕೂ ದೂರ ಇದ್ದರೆ ಮಾತ್ರ "ಒಂಚೂರು ನಡೀಬೇಕು". ಈ ಮೂರನೆಯ ಮಾತು ಕಿವಿಗೆ ಬಿದ್ದ ಕೂಡಲೇ ಬಾಟಲಿಗೆ ನೀರು ತುಂಬಿಸಿಕೊಳ್ಳಬೇಕು ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು.

ಎರಡು ವರ್ಷದ ಹಿಂದಿನ ಮಾತು. ಅಕ್ಕನ ಮಗ ಸ್ವಿಟ್ಜರ್ಲೆಂಡಿನಿಂದ ರಜೆಗೆ ಬಂದಿದ್ದ. ಅವನು ಬಂದರೆ ಚಾಕೊಲೇಟಿನ ಜೊತೆಗೆ ಆಲ್ಪ್ಸ್ ಬೆಟ್ಟದ ಮನೆಗಳ ಪುರಾಣವೂ ಬರುತ್ತದೆ. ಅಲ್ಲಿ ಬೆಟ್ಟ ಹತ್ತುವವರದೇ ಒಂದು ಸಂಘವಿದೆಯಂತೆ, 1863ರಲ್ಲಿ ಶುರುವಾದದ್ದು. ಅದೇ ವರ್ಷ ಟೋಡಿ ಅನ್ನುವ ಬೆಟ್ಟದಲ್ಲಿ ಒಂದು ಪುಟ್ಟ ಕಲ್ಲಿನ ಗುಡಿಸಲು ಕಟ್ಟಿದರು. ಈಗ ಅಂಥ ಮನೆಗಳು ಸುಮಾರು 150 ಇವೆ. ಬೇಸಿಗೆ ಬಂದು ಹಿಮ ಕರಗಿತು ಅಂದರೆ ಮೇಲ್ವಿಚಾರಕರು ಬಂದು ಒಲೆ ಹಚ್ಚುತ್ತಾರೆ. ಬೆಳಗಿನಿಂದ ನಡೆದು ಸುಸ್ತಾಗಿ ಬಂದವರು ಬಾಗಿಲಲ್ಲೇ ಬೂಟು ಬಿಚ್ಚಿ, ಅಲ್ಲಿಟ್ಟಿರುವ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಿ ಸೂಪ್ ಕುಡಿಯುತ್ತಾರೆ. ರಾತ್ರಿ ಉದ್ದಕ್ಕೆ ಹಾಸಿದ ಹಾಸಿಗೆ ಮೇಲೆ ಎಲ್ಲರೂ ಸಾಲಾಗಿ ಮಲಗುವುದು. "ನಮ್ಮ ಮದುವೆ ಮನೆ ಹಾಗೇ ಮಾವ, ಗೊರಕೆನೂ ಸೇಮ್" ಅಂದ.

ನನಗೆ ಇಷ್ಟವಾದದ್ದು ಅಲ್ಲಿನ ಹಳದಿ ಕೈಕಂಬಗಳ ವಿಷಯ. ಅವುಗಳ ಮೇಲೆ ದೂರ ಬರೆಯುವುದಿಲ್ಲವಂತೆ, ಹೊತ್ತು ಬರೆಯುತ್ತಾರೆ. ಎರಡು ಗಂಟೆ, ಮೂರೂಕಾಲು ಗಂಟೆ, ಹೀಗೆ. ಮಧ್ಯೆ ಕೂತು ಸುಧಾರಿಸಿಕೊಂಡದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾದರೆ ನನ್ನ ಲೆಕ್ಕ ಯಾವ ಕಂಬದಲ್ಲೂ ಸಿಗುವುದಿಲ್ಲ ಬಿಡು ಅಂದುಕೊಂಡೆ.

ಅವನ ಹೊಗಳಿಕೆ ಕೇಳಿ ಕೇಳಿ ಒಂದು ದಿನ ಸುಮ್ನೆ ಇರಲಾಗದೆ "ನಮ್ಮಲ್ಲೂ ಬೆಟ್ಟದ ಮನೆ ಇದೆ ಕಣೋ" ಅಂದುಬಿಟ್ಟೆ. ಬಾಯಿ ಬಿಟ್ಟಮೇಲೆ ಕರೆದುಕೊಂಡು ಹೋಗಲೇಬೇಕಲ್ವಾ?

ಬ್ರಹ್ಮಗಿರಿ ಹತ್ತುವ ದಾರಿಯ ಮಧ್ಯೆ ನರಿಮಲೆ ಅಂತ ಅರಣ್ಯ ಇಲಾಖೆಯ ಕ್ಯಾಂಪ್ ಇದೆ. ಕೆಳಗೆ ಇರ್ಪು ಜಲಪಾತ, ಮೇಲೆ 1608 ಮೀಟರಿನ ತುದಿ, ತುದಿಯ ಆಚೆ ಕೇರಳದ ವಯನಾಡು. ಈ ಕಾಡು 1974ರಿಂದ ವನ್ಯಜೀವಿ ಅಭಯಾರಣ್ಯ. ಹಾಗಾಗಿ ಅನುಮತಿ ಇಲ್ಲದೆ, ಇಲಾಖೆಯವರು ಜೊತೆಗಿಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಬೇಸಿಗೆಯಲ್ಲಂತೂ ಹುಲ್ಲು ಒಣಗಿ ಬೆಂಕಿಯ ಭಯ, ಚಾರಣ ನಿಲ್ಲಿಸುವುದೇ ಹೆಚ್ಚು. ಆ ವರ್ಷ ಮೂರು ನಾಲ್ಕು ಒಳ್ಳೆ ಮಳೆ ಬಿದ್ದು ಕಾಫಿ ಹೂವಾಗಿ, ಹುಲ್ಲಿನ ಬುಡ ಹಸಿರಾಗಿತ್ತು. ನಮ್ಮ ಅದೃಷ್ಟಕ್ಕೆ ಅನುಮತಿ ಸಿಕ್ಕಿತು. ನನ್ನ ಮಂಡಿಯ ದುರದೃಷ್ಟ ಅಂತಲೂ ಹೇಳಬಹುದು.

ಬೆಳಗ್ಗೆ ಏಳಕ್ಕೆಲ್ಲ ಇರ್ಪುವಿನಲ್ಲಿದ್ದೆವು. ಬೇಸಿಗೆಯ ಜಲಪಾತ ಬಡವಾಗಿತ್ತು, ಬಂಡೆಯ ಮೇಲೆ ಪಂಚೆ ಒಣಗಹಾಕಿದ ಹಾಗೆ. ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬಾಣ ಬಿಟ್ಟು ಬ್ರಹ್ಮಗಿರಿಯಿಂದ ನೀರು ತರಿಸಿದ, ಅದೇ ಲಕ್ಷ್ಮಣತೀರ್ಥ ಹೊಳೆ ಅನ್ನುವುದು ಇಲ್ಲಿನ ಕತೆ. ಶಿವರಾತ್ರಿಗೆ ಇಲ್ಲಿ ಮೀಯಲು ಜನ ಮುಗಿಬೀಳುತ್ತಾರೆ. ಅಷ್ಟು ದೊಡ್ಡ ನೀರಿನ ಕತೆಯ ಪಕ್ಕದಲ್ಲೇ ನಿಂತು ನಾನು ಅರ್ಧ ಬಾಟಲಿ ಸಾಕು ಅಂದುಕೊಂಡೆ. ಭಾರ ಯಾಕೆ ಸುಮ್ನೆ ಅಂತ. ಜೊತೆಗೆ ಬಂದ ವಾಚರ್ ನನ್ನ ಬಾಟಲಿ ನೋಡಿದರು, ನನ್ನ ಹೊಟ್ಟೆ ನೋಡಿದರು, ಏನೂ ಹೇಳಲಿಲ್ಲ.

"ಕ್ಯಾಂಪ್ ಎಷ್ಟು ದೂರ?"

"ಒಂಚೂರು ನಡೀಬೇಕು ಸಾರ್."

ಒಂದು ಗಂಟೆ ಕಾಡಿನೊಳಗೆ ಏರಿದ ಮೇಲೆ ಮತ್ತೆ ಕೇಳಿದೆ. "ಇಲ್ಲೇ ಮುಂದೆ" ಅಂದರು. ದೂರ ಕಡಿಮೆಯಾಗುತ್ತಿದೆ ಅಂತ ಖುಷಿಯಾಯಿತು. ಇನ್ನೊಂದು ಏರು ಮುಗಿಸಿ, ಉಸಿರು ಸಿಗದೆ, ಬಾಟಲಿ ಖಾಲಿಯಾಗಿ ಕೇಳಿದಾಗ ಮತ್ತೆ "ಒಂಚೂರು ನಡೀಬೇಕು" ಅಂದರು. ಸ್ವಿಸ್ ಕಂಬ ಹೀಗೆ ಮಾತು ಬದಲಿಸುವುದಿಲ್ಲ ಅಂತ ಅಳಿಯ ನಕ್ಕ. ಆದರೆ ವಾಚರ್ ಸುಳ್ಳು ಹೇಳಿದ್ದಲ್ಲ. ಅವರು ದಾರಿ ನೋಡಿ ಹೇಳುತ್ತಿರಲಿಲ್ಲ, ನನ್ನ ಮುಖ ನೋಡಿ ಹೇಳುತ್ತಿದ್ದರು. ಇಷ್ಟು ನಯ ಯಾವ ಕೈಕಂಬಕ್ಕೂ ಬರದು.

ಒಂದು ತಿರುವಿನಲ್ಲಿ ದಾರಿ ಮಧ್ಯೆ ಆನೆ ಲದ್ದಿ. ಅವರು ಕಾಲಿನ ತುದಿಯಿಂದ ಒಂದು ಉಂಡೆ ಬಿಡಿಸಿ ನೋಡಿ, "ನಿನ್ನೇದು" ಅಂದರು. ಆಮೇಲೆ ನನಗೆ ಸುಸ್ತು ಅಷ್ಟಾಗಿ ಕಾಣಲಿಲ್ಲ.

ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಡಿ ಪೂರ್ತಿ ಕಿತ್ತು ಬಂದು ಹಿಮ್ಮಡಿಯಲ್ಲಿ ಮಾತ್ರ ಹಿಡಿದುಕೊಂಡು, ಹೆಜ್ಜೆಗೊಮ್ಮೆ ಚಪ್ ಚಪ್ ಅನ್ನತೊಡಗಿತು. ಹೊಸತಾಗಿ ತಂದಾಗ ಅಂಗಡಿಯವನು "ಹತ್ತು ವರ್ಷ ಏನೂ ಆಗಲ್ಲ" ಅಂದಿದ್ದ. ಅವನ ಮಾತು ತಪ್ಪಲಿಲ್ಲ, ಇದು ಹನ್ನೊಂದನೇ ವರ್ಷ. ಬಳಸಿದ್ದು ನಾಲ್ಕೇ ಸಲ. ಉಳಿದಷ್ಟೂ ಕಾಲ ಅಟ್ಟದ ಮೇಲೆ ನಮ್ಮ ಮಳೆಗಾಲ ಕುಡಿದುಕೊಂಡು ಕೂತಿತ್ತು. ಬೆಲ್ಟಿಗೆ, ಪುಸ್ತಕಕ್ಕೆ, ದೇವರ ಫೋಟೋದ ಕಟ್ಟಿಗೂ ಬೂಷ್ಟು ಬರುವ ಊರಿನಲ್ಲಿ ಶೂ ಅಂಟು ಎಷ್ಟು ದಿನ ತಡೆದೀತು? ಬ್ಯಾಗಿನಲ್ಲಿ ಮೆಣಸಿನ ಬಳ್ಳಿ ಕಟ್ಟುವ ಪ್ಲಾಸ್ಟಿಕ್ ಹಗ್ಗದ ಉಂಡೆ ಇತ್ತು. ತೋಟಕ್ಕೆ ಹೋಗುವ ಬ್ಯಾಗನ್ನೇ ಎತ್ತಿಕೊಂಡು ಬಂದಿದ್ದೆ. ವಾಚರ್ ಕುಕ್ಕರಗಾಲಲ್ಲಿ ಕೂತು, ಬಳ್ಳಿಯನ್ನು ಮರಕ್ಕೆ ಕಟ್ಟುವ ಹಾಗೆ ತೀರಾ ಬಿಗಿಯೂ ಅಲ್ಲದ ತೀರಾ ಸಡಿಲವೂ ಅಲ್ಲದ ಮೂರು ಸುತ್ತು ಹಾಕಿದರು. ಅವರ ಕಾಲಲ್ಲಿ ಹವಾಯಿ ಚಪ್ಪಲಿ.

ಹೀಗೆ ಕಟ್ಟಿಸಿಕೊಂಡ ಕಾಲಲ್ಲಿ ಕುಂಟುತ್ತಾ ನರಿಮಲೆ ತಲುಪಿದೆ. ಸುತ್ತ ಆನೆ ಕಂದಕ, ನಡುವೆ ಮನೆ, ಮೇಲೆಲ್ಲ ಹುಲ್ಲಿನ ಗುಡ್ಡ. ಗುಡ್ಡಗಳ ಸಂದಿನಲ್ಲಿ ಮಾತ್ರ ಶೋಲಾ ಕಾಡು, ಕಂಕುಳಲ್ಲಿ ಕೂದಲು ಇದ್ದ ಹಾಗೆ. ಹೋಲಿಕೆ ಚೆನ್ನಾಗಿಲ್ಲ, ಗೊತ್ತು, ಆದರೆ ನೋಡಿದವರು ಒಪ್ಪುತ್ತಾರೆ.

"ನರಿ ತುಂಬಾ ಇವೆಯಾ ಇಲ್ಲಿ?" ಅಂತ ಅಳಿಯ ಕೇಳಿದ. ಊರು ಬಿಟ್ಟು ಹೋದವರ ಕತೆಯೇ ಇಷ್ಟು. ಕನ್ನಡದಲ್ಲಿ ನರಿ ಅಂದರೆ ನರಿ, ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹಿಂದೆ ಹುಲಿ ಹೊಡೆದವನನ್ನು ಮದುವೆ ಗಂಡಿನಂತೆ ಸಿಂಗರಿಸಿ ನರಿಮಂಗಲ ಮಾಡುತ್ತಿದ್ದರು. ಯಾವ ಭಾಷೆಯವರು ಈ ಗುಡ್ಡಕ್ಕೆ ಹೆಸರಿಟ್ಟರೋ, ಕನ್ನಡದವರೇ ಆಗಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಅಲ್ಲಿಂದ ತುದಿಗೆ ಇನ್ನೂ ಅಷ್ಟೇ ದೂರ. ಅಳಿಯ ಎದ್ದು ನಿಂತ. ನಾನು ಶೂ ತೋರಿಸಿದೆ. ನಿಜ ಹೇಳಬೇಕೆಂದರೆ ಆ ಶೂ ಇನ್ನೊಂದು ಬೆಟ್ಟಕ್ಕೂ ಬರುತ್ತಿತ್ತು, ಬಳ್ಳಿ ಗಂಟು ಅಲ್ವಾ, ಜಗ್ಗಿದರೂ ಬಿಡುವುದಲ್ಲ. ನನಗೇ ಬೇಡವಾಗಿತ್ತು. ತುದಿಯಲ್ಲಿ ಏನಿದೆ? ಗಾಳಿ, ಕಲ್ಲು, ಒಂದು ಫೋಟೋ. ಹತ್ತು ನಿಮಿಷ ನಿಂತು ಇಳಿಯಬೇಕು. ಮನೆಯಲ್ಲಾದರೆ ಜಗಲಿ ಇದೆ. ಬೆಟ್ಟದ ನಡುವೆ ಮನೆ ಕಟ್ಟುವುದೇ ನನ್ನಂಥವರು "ಸೋತೆ" ಅನ್ನದೆ "ತಂಗಿದೆ" ಅನ್ನಲಿ ಅಂತ ಇರಬೇಕು. ಆ ಸ್ವಿಸ್ ಸಂಘದವರಿಗೂ ಇದು 1863ರಲ್ಲೇ ಹೊಳೆದಿರಬೇಕು.

ಅವರಿಬ್ಬರೂ ಹೋದರು. ನಾನು ಗುಡ್ಡ ಏರುವ ಎರಡು ಚುಕ್ಕೆಗಳನ್ನು ನೋಡುತ್ತಾ ಕೂತೆ. ಕ್ಯಾಂಪಿನಲ್ಲಿದ್ದ ಇನ್ನೊಬ್ಬರು ಏನೂ ಕೇಳದೆ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಪಿ ತಂದಿಟ್ಟರು. ಹಿಡಿಯಲಾಗದಷ್ಟು ಬಿಸಿ. ಟವೆಲಿನಲ್ಲಿ ಸುತ್ತಿ ಹಿಡಿದು ಕುಡಿದೆ. ಬ್ಯಾಗಿನಿಂದ ಅಕ್ಕಿ ಒಟ್ಟಿ, ಎಳ್ಳು ಪಜ್ಜಿ ತೆಗೆದು ಅವರಿಗೂ ಕೊಟ್ಟೆ. ಇಬ್ಬರೂ ಮಾತಾಡದೆ ತಿಂದೆವು. ಪಜ್ಜಿಯ ಒಂದು ಚೂರು ನೆಲಕ್ಕೆ ಬಿತ್ತು. ಎಲ್ಲಿತ್ತೋ ಒಂದು ಕಟ್ಟಿರುವೆ ಬಂದು ಅದನ್ನು ಜಗಲಿಯ ಅಂಚಿನವರೆಗೆ ಎಳೆಯಿತು, ಅಲ್ಲಿ ಬಿಟ್ಟಿತು, ಸುತ್ತು ಹಾಕಿತು, ಮತ್ತೆ ಎಳೆಯಿತು. ಅದು ಮೆಟ್ಟಿಲು ಇಳಿದು ಹುಲ್ಲಿಗೆ ಸೇರುವವರೆಗೆ ನಾನು ಬೇರೇನೂ ನೋಡಲಿಲ್ಲ. ತಲೆಯೆತ್ತಿದಾಗ ಗುಡ್ಡದ ಮೇಲಿನ ಚುಕ್ಕೆಗಳು ಮಾಯವಾಗಿದ್ದವು. ಮೋಡದ ನೆರಳೊಂದು ಹುಲ್ಲಿನ ಮೇಲೆ ನಿಧಾನಕ್ಕೆ ಇಳಿದು ಬಂದು, ಜಗಲಿ ದಾಟಿ, ಕೆಳಗಿನ ಕಾಡಿಗೆ ಹೋಯಿತು. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಕಂಬಕ್ಕೆ ಒರಗಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಅಳಿಯ ಬಂದು ಎಬ್ಬಿಸಿದ. ಬೆವರು, ಕೆಂಪು ಮುಖ, ಫೋನಿನ ತುಂಬಾ ಫೋಟೋ. "ಮಾವ, ನೀವು ಮಿಸ್ ಮಾಡ್ಕೊಂಡ್ರಿ" ಅಂದ. ಎಲ್ಲ ಫೋಟೋ ನೋಡಿದೆ. ಒಂದರಲ್ಲಿ ಕೆಳಗೆ ದೂರದಲ್ಲಿ ನರಿಮಲೆ ಮನೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅದನ್ನು ಮಾತ್ರ ದೊಡ್ಡದು ಮಾಡಿ ನೋಡಿದೆ, ಜಗಲಿಯಲ್ಲಿ ಕೂತ ನಾನು ಕಾಣಬಹುದೇನೋ ಅಂತ. ಕಾಣಲಿಲ್ಲ.

ಇಳಿಯುವ ಕಷ್ಟ ಬೇಡ ಬಿಡಿ, ಮಂಡಿ ಇರುವವರಿಗೆಲ್ಲ ಗೊತ್ತು. ಮನೆ ಸೇರುವಾಗ ದೀಪ ಹಚ್ಚಿಯಾಗಿತ್ತು. ತುದಿ ಹೇಗಿತ್ತು ಅಂತ ಹೆಂಡತಿ ಕೇಳುತ್ತಾಳೆ ಅಂತ ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಅವಳು ಕೇಳಿದ್ದೇ ಬೇರೆ.

"ಅಲ್ಲಾರೀ, ಮೆಣಸಿನ ಬಳ್ಳಿ ಕಟ್ಟೋ ಹಗ್ಗ ಎಲ್ಲಿ ಹೋಯ್ತು? ಇಡೀ ದಿನ ಹುಡುಕಿದೆ."

ನಾನು ಕಾಲು ಮುಂದೆ ಚಾಚಿದೆ.