ಎಡಗಡೆಯ ಸೊನ್ನೆ

ಇವತ್ತು ಬೆಳಿಗ್ಗೆಯೂ ನೋಡಿದೆ. ‘ಪರಿಶೀಲನೆಯಲ್ಲಿದೆ’ ಎಂದೇ ಇದೆ. ಹದಿನೆಂಟು ದಿನಗಳಿಂದ ನನ್ನ ಅರ್ಜಿಯನ್ನು ಪರಿಶೀಲಿಸುತ್ತಿರುವ ಆ ಪುಣ್ಯಾತ್ಮರಿಗೆ ಇಷ್ಟು ಹೊತ್ತಿಗೆ ನನಗಿಂತ ಚೆನ್ನಾಗಿ ನನ್ನ ಪರಿಚಯವಾಗಿರಬೇಕು.

ಎಂ.ಎಸ್ಸಿ. ಗಣಿತಕ್ಕೆಂದು ಮಾರ್ಚಿನಲ್ಲಿ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆದೆ. 75 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ. ಎಲ್ಲ ಕಡೆಗೂ ಒಂದೇ ಪರೀಕ್ಷೆ ಸಾಕು ಎಂದು ಹುರಿದುಂಬಿಸಿದವರು, ಫಲಿತಾಂಶದ ಮೇಲೆ ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ನೋಂದಣಿ, ಬೇರೆ ಪಟ್ಟಿ ಇರುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡಿದ್ದರು. ಹೈದರಾಬಾದ್, ದೆಹಲಿ, ಪುದುಚೇರಿ ಎಂದು ಮೂರೂ ದಿಕ್ಕಿಗೆ ಮುಖ ಮಾಡಿ ರಾಯಚೂರಿನಲ್ಲಿ ಕುಳಿತಿದ್ದೇನೆ.

‘ನಿನಗೇನಮ್ಮ, 371 ಜೆ ಇದೆಯಲ್ಲ’ ಎನ್ನುತ್ತಾರೆ ನೆಂಟರು. ಸಂವಿಧಾನದ ಆ ವಿಧಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ನಮ್ಮ ಭಾಗದಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಕೊಡಿಸುತ್ತದೆಯೇ ಹೊರತು ರಾಜ್ಯದ ಗಡಿ ದಾಟುವುದಿಲ್ಲ ಎಂದು ವಿವರಿಸಿ ಸೋತಿದ್ದೇನೆ. ಈಗ ಪರೀಕ್ಷೆಯ ನೀತಿಯನ್ನೇ ಪಾಲಿಸುತ್ತಿದ್ದೇನೆ: ಉತ್ತರಿಸದಿದ್ದರೆ ಅಂಕ ಕಡಿತವಿಲ್ಲ.

ನನ್ನ ನಿಜವಾದ ಕಷ್ಟ ಬೇರೆ. ಮೂರರಲ್ಲಿ ಒಂದು ಜಾಲತಾಣ (ಹೆಸರು ಹೇಳುವುದಿಲ್ಲ, ಸೀಟು ಇನ್ನೂ ಕೈಗೆ ಬಂದಿಲ್ಲ) ಒಳಗೆ ಬಿಡಬೇಕಾದರೆ ಪ್ರತಿಸಲವೂ ಒಟಿಪಿ ಕೇಳುತ್ತದೆ. ಅದು ಬರುವುದು ಅಪ್ಪನ ಮೊಬೈಲಿಗೆ. ‘ನಿನ್ನ ಸಿಮ್ ಇವತ್ತಿದ್ದರೆ ನಾಳೆ ಇಲ್ಲ, ಅಪ್ಪನ ನಂಬರು ಹಾಕು’ ಎಂದು ಸೈಬರ್ ಸೆಂಟರಿನವನು ಕೊಟ್ಟ ಸಲಹೆಯ ಫಲ.

ಅಪ್ಪ ಗಂಜಿನ (ನಮ್ಮೂರಿನ ಕೃಷಿ ಮಾರುಕಟ್ಟೆಯ) ಒಂದು ಅಡತಿ, ಅಂದರೆ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಇಪ್ಪತ್ತಾರು ವರ್ಷ ಹತ್ತಿ, ಭತ್ತ, ತೊಗರಿಯ ಲೆಕ್ಕ ಬರೆದವರ ಬಾಯಲ್ಲಿ ಅಂಕಿಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಮೊದಲ ದಿನ, ಹಮಾಲರ ಗದ್ದಲದ ಮೇಲೆ ಕೇಳಿಸುವಂತೆ, ‘ನಾಲ್ಕು ಲಕ್ಷ ಎಂಬತ್ತೆರಡು ಸಾವಿರದ ಒಂಬೈನೂರ ಹದಿನೈದು!’ ಎಂದು ಕೂಗಿದರು. ಹಿಂದಿನಿಂದ ಯಾರೋ, ‘ಯಾರ ಪಾವತಿ?’ ಎಂದು ಕೇಳಿದ್ದು ನನಗೂ ಕೇಳಿಸಿತು.

ಎರಡನೆಯ ದಿನ ಸಂದೇಶವನ್ನು ಕೊನೆಯವರೆಗೆ ಓದಿಬಿಟ್ಟರು. ‘ಯಾರಿಗೂ ತಿಳಿಸಬಾರದು ಎಂದು ಬರೆದಿದ್ದಾರೆ. ನಿನಗೆ ಹೇಳಬಹುದೇ?’ ಹೇಳಬಹುದು ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಹತ್ತು ನಿಮಿಷದ ಗಡುವು ಮುಗಿದಿತ್ತು.

ಹೋದ ಸೋಮವಾರ ಪಟ್ಟಿ ಬರುತ್ತದೆ ಎಂಬ ಸುದ್ದಿ ಹಬ್ಬಿತ್ತು.

‘ಎಪ್ಪತ್ನಾಲ್ಕು ಸಾವಿರದ ಇನ್ನೂರ ಹದಿನೆಂಟು’ ಎಂದರು ಅಪ್ಪ.

‘ಆರು ಅಂಕಿ ಇರಬೇಕು ಅಪ್ಪಾ.’

‘ಲೆಕ್ಕಕ್ಕೆ ಇರುವುದು ಇಷ್ಟೇ ತಾಯೀ.’

ಹಾಕಿದೆ, ತಪ್ಪು. ಇನ್ನೊಮ್ಮೆ, ತಪ್ಪು. ಮೂರನೆಯ ಸಲಕ್ಕೆ ಖಾತೆಯೇ ನಾಳೆಯವರೆಗೆ ಬೀಗ ಹಾಕಿಕೊಂಡಿತು. ರಾತ್ರಿ ಅವರ ಮೊಬೈಲ್ ಕಸಿದುಕೊಂಡು ನೋಡಿದರೆ 074218.

‘ಮುಂದೆ ಸೊನ್ನೆ ಇದೆಯಲ್ಲ!’

‘ಎಡಗಡೆಯ ಸೊನ್ನೆಗೆ ಯಾವ ಲೆಕ್ಕದಲ್ಲಿ ಬೆಲೆ ಇದೆ?’

ಗಣಿತಕ್ಕೆ ಅರ್ಜಿ ಹಾಕಿದವಳಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಸಿಟ್ಟಿನಲ್ಲಿ ಊಟ ಬಿಟ್ಟೆ. ಹತ್ತೂವರೆಗೆ ಎದ್ದು ಕತ್ತಲಲ್ಲೇ ರೊಟ್ಟಿ ತಿಂದೆ. ಮರುದಿನ ಬೀಗ ತೆರೆದಾಗ ಪಟ್ಟಿಯೂ ಇರಲಿಲ್ಲ, ಗಿಟ್ಟಿಯೂ ಇರಲಿಲ್ಲ.

ಗುರುವಾರ ಬುತ್ತಿ ಕೊಡಲು ಗಂಜಿಗೆ ಹೋಗಿದ್ದೆ. ಅಪ್ಪ ತೂಕದ ಕಡೆ ಹೋಗಿದ್ದರು. ಮೇಜಿನ ಮೇಲಿದ್ದ ಕಚ್ಚಾ ವಹಿಯ ಕೊನೆಯ ಹಾಳೆಯಲ್ಲಿ ನನ್ನ ಹೆಸರು, ಅದರ ಕೆಳಗೆ ಇಲ್ಲಿಯವರೆಗೆ ಬಂದ ಒಟಿಪಿಗಳೆಲ್ಲ ತಾರೀಖಿನ ಸಮೇತ, ಅವರ ಮುತ್ತಿನಂಥ ಅಕ್ಷರದಲ್ಲಿ. ಜಮೆಯ ಕಡೆಗೂ ಇಲ್ಲ, ಖರ್ಚಿನ ಕಡೆಗೂ ಇಲ್ಲ, ನಟ್ಟನಡುವೆ. ಸೋಮವಾರದ ಅಂಕಿಯ ಎಡಗಡೆ ಬೇರೆ ಶಾಯಿಯಲ್ಲಿ ಒಂದು ಸೊನ್ನೆ ಸೇರಿತ್ತು. ‘ಮುಂದೆ ನಿನಗೆ ಬೇಕಾದೀತು ಎಂದು ಇಟ್ಟಿದ್ದೇನೆ’ ಎಂದರು, ಬಂದವರು. ಅವು ಹತ್ತು ನಿಮಿಷಕ್ಕೇ ಸಾಯುತ್ತವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಿನ್ನೆ ಮಧ್ಯಾಹ್ನ ತಾವಾಗಿಯೇ ಫೋನ್ ಮಾಡಿದರು. ‘ಬಂದಿದೆ, ಬರೆದುಕೋ.’ ಈ ಸಲ ಒಂದೊಂದೇ ಅಂಕಿ ಬಿಡಿಸಿ, ಮೊದಲ ಸೊನ್ನೆಯನ್ನು ಎರಡೆರಡು ಸಲ ಒತ್ತಿ ಹೇಳಿದರು. ಬರೆದುಕೊಂಡೆ.

‘ನಾಲ್ಕೇ ಇವೆಯಲ್ಲ ಅಪ್ಪಾ?’

‘ಸೊನ್ನೆಯನ್ನೂ ಹಿಡಿದೇ ಹೇಳಿದ್ದೇನೆ!’

ಅಷ್ಟರಲ್ಲಿ ಹೊರಗೆ ಸಿಲಿಂಡರ್ ಇಳಿಸಿದ ಸದ್ದಾಯಿತು. ಗ್ಯಾಸಿನವನು, ‘ಅಕ್ಕಾ, ನಂಬರು ಬಂದಿದೆಯೇ?’ ಎಂದು ಕೂಗಿದ.