ಜುಲೈನಲ್ಲಿ ಹಾವಿಗೆ ಇಲಿ ಪಾರ್ಸೆಲ್ ತರಿಸಬೇಡಿ

ಅಮೆರಿಕದ ಫೀನಿಕ್ಸ್ ನಗರದ ಬೇಸಿಗೆ ಹೇಗಿರುತ್ತದೆ ಅಂತ ಇಲ್ಲಿನ ಕನ್ನಡಿಗರಿಗೆ ಹೇಳಬೇಕಿಲ್ಲ. 2023ರಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಬಿಸಿಲಲ್ಲೂ ಸಾಕುಹಾವಿಗೆ ಅಂತ ಫ್ರೀಜ್ ಮಾಡಿದ ಇಲಿಗಳನ್ನು ಜನ ಮನೆ ಬಾಗಿಲಿಗೆ ತರಿಸುತ್ತಾರೆ. ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು) ಸಾಕಿರುವ ನನಗೆ ಇದು ಸರಿ ಅನ್ನಿಸುವುದಿಲ್ಲ.

ಪೆಟ್ಟಿಗೆಯೊಳಗೆ ಇರುವುದು ದಪ್ಪ ಥರ್ಮಾಕೋಲ್, ಸ್ವಲ್ಪ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್), ಅಷ್ಟೇ. ಡ್ರೈ ಐಸ್ ಮೈನಸ್ 78 ಡಿಗ್ರಿಯಲ್ಲಿ ನೀರಾಗದೆ ನೇರ ಅನಿಲವಾಗಿ ಹೋಗುತ್ತದೆ. ಅದು ಖಾಲಿಯಾದ ಮೇಲೆ ಥರ್ಮಾಕೋಲ್ ತಂಪನ್ನು ಒಂದಿಷ್ಟು ಹೊತ್ತು ಹಿಡಿದಿಡಬಹುದು, ಹೊಸದಾಗಿ ತಂಪು ಮಾಡಲಾರದು. ಕಾದ ವ್ಯಾನಿನ ಹಿಂಭಾಗದಲ್ಲಿ ಅರ್ಧ ದಿನ, ಆಮೇಲೆ ಬಿಸಿಲು ಬೀಳುವ ಜಗಲಿ. ವಾರಾಂತ್ಯದಲ್ಲಿ ಗೋದಾಮಿನಲ್ಲಿ ಸಿಕ್ಕಿಕೊಂಡರಂತೂ ಮುಗಿಯಿತು.

ಪೆಟ್ಟಿಗೆ ಬಂದರೆ ಕಿಟಕಿ ತೆಗೆದು ಬಿಚ್ಚಿ. ಡ್ರೈ ಐಸ್ ಉಳಿದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಎಲ್ಲಕ್ಕಿಂತ ದಪ್ಪ ಇಲಿಯ ಹೊಟ್ಟೆ ಒತ್ತಿ ನೋಡಿ. ಮೇಲೆ ಸ್ವಲ್ಪ ಮೆತ್ತಗಾಗಿ ಒಳಗೆ ಇನ್ನೂ ಗಟ್ಟಿ ಇದ್ದರೆ ತಕ್ಷಣ ಫ್ರೀಜರಿಗೆ ಹಾಕಿ. ಪೂರ್ತಿ ಮೆತ್ತಗೆ, ಬೆಚ್ಚಗೆ, ಹೊಟ್ಟೆ ಹಸಿರು ಆಗಿದ್ದರೆ ಎಸೆಯಲೇಬೇಕು. ಮತ್ತೆ ಫ್ರೀಜ್ ಮಾಡಿದರೆ ಸರಿಹೋಗುತ್ತದೆ ಅನ್ನುವುದು ಸುಳ್ಳು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚಳಿಗೆ ಸಾಯುವುದಿಲ್ಲ. 2010ರ ಸುಮಾರಿಗೆ ಇಂಥ ಫ್ರೀಜ್ ಮಾಡಿದ ಇಲಿಗಳಿಂದಲೇ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಜನ ಕಾಯಿಲೆ ಬಿದ್ದಿದ್ದರು, ಅವರಲ್ಲಿ ಮಕ್ಕಳೂ ಇದ್ದರು. ಅದಕ್ಕೇ ಮನೆಯವರ ಊಟ ಇಡುವ ಫ್ರೀಜರಿನಲ್ಲಿ ಇವನ್ನು ಇಡಲೇಬಾರದು.

ನನಗೆ ಜಾಸ್ತಿ ನೋವಾಗುವುದು ಆ ಎಸೆಯುವ ಮಾತಿನಲ್ಲಿ. ನಮ್ಮ ಹಾವಿಗಾಗಿ ಒಂದು ಜೀವ ಹೋಗಿದೆ. ಹಾವು ಮಾಂಸವನ್ನೇ ತಿನ್ನಬೇಕು, ಅದನ್ನು ನಾನು ಒಪ್ಪಿಕೊಂಡೇ ಸಾಕಿದ್ದೇನೆ. ಆದರೆ ಐವತ್ತು ಇಲಿ ಸತ್ತು, ಯಾರ ಹೊಟ್ಟೆಗೂ ಸೇರದೆ, ಸುಮ್ನೆ ಕಸದ ಡಬ್ಬಿ ಸೇರುವುದನ್ನು ಒಪ್ಪಲಾರೆ.

'ಹಾವು ಹಸಿದಿರುತ್ತದೆ, ಏನು ಮಾಡೋದು' ಅನ್ನುತ್ತಾರೆ. ಆರೋಗ್ಯವಾಗಿರುವ ದೊಡ್ಡ ಬಾಲ್ ಪೈಥಾನ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಾನಾಗಿಯೇ ತಿನ್ನದೆ ಇರುತ್ತದೆ. ಒಂದು ಪಾರ್ಸೆಲ್ ತಡವಾದರೆ ಅದಕ್ಕೆ ಏನೂ ಆಗುವುದಿಲ್ಲ. ಮರಿಗಳ ವಿಷಯ ಬೇರೆ, ಅವಕ್ಕೆ ಊಟ ತಪ್ಪಿಸಬಾರದು. ಮರಿ ಸಾಕಿರುವವರು ಹತ್ತಿರದ ಅಂಗಡಿಯಿಂದ ಎರಡು ಮೂರು ಇಲಿ ತಂದರೆ ಸಾಕು, ಬೆಲೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಫೆಬ್ರವರಿಯಲ್ಲೇ ಬೇಸಿಗೆಗಾಗುವಷ್ಟು ತರಿಸಿಡಿ. ಫ್ರೀಜರ್ ಚಿಕ್ಕದಾದರೆ ಹಾವು ಸಾಕಿರುವ ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ಬೇಸಿಗೆಯಲ್ಲಿ ತರಿಸಲೇಬೇಕಾದರೆ ಸೋಮವಾರ ಹೊರಡುವಂತೆ ಕೇಳಿ, ಮನೆಗೆ ಬೇಡ, ಕೊರಿಯರ್ ಕಚೇರಿಯಲ್ಲೇ ಇಟ್ಟುಕೊಳ್ಳಿ ಅಂತ ಹೇಳಿ, ನೀವೇ ಹೋಗಿ ತನ್ನಿ. ಇನ್ನು 'ಈ ವಾರ ಬಿಸಿಲು ಜಾಸ್ತಿ, ಕಳಿಸುವುದಿಲ್ಲ' ಅನ್ನುವ ಮಾರಾಟಗಾರರೂ ಇದ್ದಾರೆ. ದಯವಿಟ್ಟು ಅವರ ಮೇಲೆ ರೇಗಬೇಡಿ, ಕೆಟ್ಟ ರೇಟಿಂಗ್ ಕೊಡಬೇಡಿ. ನಾನು ಖರೀದಿ ಮಾಡುವುದು ಅಂಥವರ ಹತ್ತಿರವೇ.